ಬುಟ್ಟಿಚೆಂಡು ಮೀಮಾಂಸೆ: ಹಿಂದೂಪುರ–ಕಲ್ಯಾಣದುರ್ಗ ಸೀಮೆಯ ಕಾಲೇಜು ಆಟಗಾರನ ಪರದೇಶಗಮನ ವಿಚಾರ

ಅಥ ಕಂದುಕಜಿಜ್ಞಾಸಾ. ಇನ್ನು ಚೆಂಡಿನ ವಿಚಾರ. ‘ಇನ್ನು’ ಎಂದರೆ ಯಾವುದರ ನಂತರ ಎಂದು ಭಾಷ್ಯಕಾರರು ಕೇಳುವುದು ವಾಡಿಕೆ. ಕ್ರಿಕೆಟ್ ಮುಗಿದ ನಂತರ ಎಂದು ಉತ್ತರ. ಕ್ರಿಕೆಟ್ ಮುಗಿಯುವುದೇ ಇಲ್ಲವಲ್ಲ ಎಂದು ಆಕ್ಷೇಪಿಸಿದರೆ, ಈ ಶಾಸ್ತ್ರ ಇಷ್ಟು ಕಾಲ ಬರೆಯದೆ ಉಳಿದದ್ದು ಅದಕ್ಕೇ ಎಂದು ತಿಳಿಯತಕ್ಕದ್ದು. ಗ್ರಂಥದ ವಿಷಯ, ಕಾಲೇಜು ಬಾಸ್ಕೆಟ್‌ಬಾಲ್ ತಂಡದ ಉದ್ದನೆಯ ಹುಡುಗ. ಪ್ರಯೋಜನ, ಅವನನ್ನು ಪರದೇಶದ ಲೀಗಿಗೆ ಕಳಿಸುವುದು. ಅಧಿಕಾರಿ ಯಾರು, ಅಂದರೆ ಇದನ್ನು ಓದುವ ಯೋಗ್ಯತೆ ಯಾರಿಗೆ? ಬಸ್ಸಿನಲ್ಲಿ ನಿಂತಾಗ ತಲೆ ಚಾವಣಿಗೆ ತಾಗುವವರಿಗೆ ಮೊದಲ ಹಕ್ಕು. ಉಳಿದವರು ಕೂತು ಓದಬಹುದು.

ಮೊದಲು ಇತಿಹಾಸ. ಇಂದಿನ ಆಂಧ್ರದ ಈ ಸೀಮೆ ಬಳ್ಳಾರಿಯಿಂದ ಬೇರ್ಪಟ್ಟು ಅನಂತಪುರ ಜಿಲ್ಲೆಯಾದದ್ದು 1882ರಲ್ಲಿ. ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು ಬಾಸ್ಕೆಟ್‌ಬಾಲ್ ಆಡಿಸಿದ್ದು 1891ರ ಡಿಸೆಂಬರಿನಲ್ಲಿ. ಅಂದಮೇಲೆ ಜಿಲ್ಲೆ ಆಟಕ್ಕಿಂತ ಒಂಬತ್ತು ವರ್ಷ ಹಿರಿಯದು. ಹಿರಿಯರು ಕಿರಿಯರಿಂದ ಕಲಿಯುವ ಪ್ರಮೇಯ ಬಂದರೆ ಸ್ವಲ್ಪ ಹಿಂದೆಮುಂದೆ ನೋಡುವುದು ಲೋಕರೂಢಿ. ಈ ಸೀಮೆಯಲ್ಲಿ ಆಟ ತಡವಾಗಿ ಬೇರೂರಿದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ನೈಸ್ಮಿತ್ ಬಳಸಿದ್ದು ಪೀಚ್ ಹಣ್ಣಿನ ಬುಟ್ಟಿ. ಹಣ್ಣಿಗೂ ಬುಟ್ಟಿಗೂ ಇರುವ ಸಂಬಂಧವನ್ನು ಹಿಂದೂಪುರದ ಹುಣಸೆಹಣ್ಣಿನ ಮಂಡಿಯವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರು ಬುಟ್ಟಿಯನ್ನು ಗೋಡೆಗೆ ಹೊಡೆಯಲಿಲ್ಲ, ಅಷ್ಟೇ ವ್ಯತ್ಯಾಸ. ಸ್ಪ್ರಿಂಗ್‌ಫೀಲ್ಡಿನ ವ್ಯಾಯಾಮಶಾಲೆಯ ಮಾಳಿಗೆಯ ಕಟಾಂಜನ ಹತ್ತಡಿ ಎತ್ತರದಲ್ಲಿತ್ತು, ಬುಟ್ಟಿ ಅಲ್ಲೇ ಕೂತಿತು, ಇಂದಿಗೂ ಲೋಕದಲ್ಲಿ ದೊಡ್ಡವರ ಆಟದ ರಿಂಗುಗಳು ಹತ್ತಡಿಯಲ್ಲೇ ಇವೆ. ಕಟಾಂಜನ ಕಟ್ಟಿದ ಬಡಗಿ ಅದನ್ನು ಎಂಟಡಿಗೆ ಇಳಿಸಿದ್ದರೆ ನಮ್ಮ ಹುಡುಗರ ಗತಿಯೇ ಬೇರೆಯಾಗುತ್ತಿತ್ತು. ಇದರ ಬಗ್ಗೆ ಇನ್ನೂ ಯಾರೂ ಪಿಎಚ್‌ಡಿ ಮಾಡಿಲ್ಲದಿರುವುದು ವಿದ್ವತ್ತಿನ ದೌರ್ಭಾಗ್ಯ.

ಆದರೆ ಆಟದ ತತ್ತ್ವ ಇಲ್ಲಿ ಮೊದಲೇ ಇತ್ತೆಂಬುದಕ್ಕೆ ಶಿಲಾಪ್ರಮಾಣವಿದೆ. ಹಿಂದೂಪುರದಿಂದ ಹದಿನೈದು ಕಿಲೋಮೀಟರ್ ದೂರದ ಲೇಪಾಕ್ಷಿಯಲ್ಲಿ, ವಿಜಯನಗರದ ಅಚ್ಯುತರಾಯನ ಕಾಲದ ವೀರಭದ್ರ ದೇವಾಲಯದಲ್ಲಿ, ನೇತಾಡುವ ಕಂಬವೊಂದಿದೆ. ಬಂದವರೆಲ್ಲ ಅದರಡಿ ಟವೆಲ್ಲನ್ನೋ ಸೆರಗನ್ನೋ ತೂರಿಸಿ ಈಚೆಗೆ ಎಳೆದು ಕೃತಾರ್ಥರಾಗುತ್ತಾರೆ. ಇದು ವಾಸ್ತುವಿನ ಚಮತ್ಕಾರವೆಂದು ಹಿಂದಿನ ವಿದ್ವಾಂಸರು ಸುಮ್ಮನಾದರು. ಪ್ರಸ್ತುತ ಲೇಖಕನ ಮತ ಬೇರೆ. ಜಿಗಿದ ಆಟಗಾರ ಗಾಳಿಯಲ್ಲಿ ಒಂದು ಸೆಕೆಂಡ್ ನಿಂತರೆ ಅಮೆರಿಕದಲ್ಲಿ ಅವನ ಹೆಸರಿನ ಬೂಟು ಮಾರಾಟಕ್ಕೆ ಬರುತ್ತದೆ. ಈ ಕಂಬ ನೆಲ ಬಿಟ್ಟು ಐದು ಶತಮಾನವಾಗುತ್ತ ಬಂತು, ಇನ್ನೂ ಇಳಿದಿಲ್ಲ. ಮೇಲಾಗಿ ಅದರ ಒಂದು ಮೂಲೆ ಮಾತ್ರ ನೆಲಕ್ಕೆ ಅಂಟಿಕೊಂಡಿದೆ. ಚೆಂಡು ಹಿಡಿದು ನಿಂತವನ ಒಂದು ಪಾದ ನೆಲದಲ್ಲಿ ಊರಿರಬೇಕು, ಇನ್ನೊಂದನ್ನು ಎತ್ತ ಬೇಕಾದರೂ ತಿರುಗಿಸಬಹುದು ಎಂಬ ಪಿವಟ್ ನಿಯಮದ ಶುದ್ಧ ಪಾಲನೆ ಇದು. ಅದೇ ಗುಡಿಯ ಕಲ್ಯಾಣಮಂಟಪ ಅರ್ಧಕ್ಕೇ ನಿಂತಿದೆ. ಖಜಾನೆ ನೋಡಿಕೊಳ್ಳುತ್ತಿದ್ದ ವಿರೂಪಣ್ಣ ಮಂಜೂರಾತಿ ಇಲ್ಲದೆ ಹಣ ಖರ್ಚು ಮಾಡಿದನೆಂದು ದೂರು ಹೋಗಿ ಕಣ್ಣು ಕಳೆದುಕೊಂಡ ಎಂದು ಐತಿಹ್ಯ. ಅಲ್ಲಿಂದೀಚೆಗೆ ನಮ್ಮ ದೇಶದಲ್ಲಿ ಒಳಾಂಗಣ ಕ್ರೀಡಾಂಗಣಗಳನ್ನು ಮುಗಿಸುವ ಧೈರ್ಯ ಯಾವ ಅಧಿಕಾರಿಗೂ ಬಂದಂತಿಲ್ಲ.

ಪರದೇಶ ಎಲ್ಲಿಂದ ಶುರುವಾಗುತ್ತದೆ? ವಿದೇಶಾಂಗ ಇಲಾಖೆಯ ಉತ್ತರ ಇಲ್ಲಿ ಉಪಯೋಗಕ್ಕೆ ಬಾರದು. ಮಾರ್ಕ್ಸ್‌ಕಾರ್ಡಿನ ಜೊತೆಗೆ ಮೈಗ್ರೇಷನ್ ಸರ್ಟಿಫಿಕೇಟ್ ಕೇಳುವ ಜಾಗವೇ ಪರದೇಶ. ಆ ಲೆಕ್ಕದಲ್ಲಿ ಹಿಂದೂಪುರದ ಕನ್ನಡ ಮನೆಯ ಹುಡುಗನಿಗೆ ಗಡಿಯಾಚೆಯ ಕರ್ನಾಟಕದ ಗೌರಿಬಿದನೂರೇ ಮೊದಲ ವಿದೇಶ. ಉತ್ತರ ಪಿನಾಕಿನಿ ಮಾತ್ರ ನಂದಿಬೆಟ್ಟದ ಕಡೆಯಿಂದ ಗೌರಿಬಿದನೂರು ದಾಟಿ ಯಾವ ಸರ್ಟಿಫಿಕೇಟೂ ಇಲ್ಲದೆ ಈಚೆಗೆ ಬರುತ್ತದೆ, ನೀರಿದ್ದಾಗ. 2022ರ ಏಪ್ರಿಲ್ 4ರಂದು ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಹಿಂದಿನ ದಿನ ಒಂದೇ ಜಿಲ್ಲಾ ತಂಡಕ್ಕೆ ಸೇರಬಹುದಾಗಿದ್ದ ಇಬ್ಬರು, ಮನೆಯ ಜಗಲಿಯಿಂದ ಏಳದೆಯೇ, ಎದುರಾಳಿಗಳಾದರು. ಆಟಗಾರ ಚಲಿಸದಿದ್ದರೂ ಗಡಿ ಚಲಿಸುತ್ತದೆ ಎಂಬ ಸಾಪೇಕ್ಷತಾ ಸಿದ್ಧಾಂತಕ್ಕೆ ಇದಕ್ಕಿಂತ ಪ್ರಮಾಣ ಬೇಕೆ?

ಈಗ ಗ್ರಂಥದ ಹೃದಯ: ಎರಡು ಹೆಜ್ಜೆ ಸಿದ್ಧಾಂತ. ಪುಟಿಸುವುದನ್ನು ನಿಲ್ಲಿಸಿ ಚೆಂಡನ್ನು ಕೈಗೆ ತೆಗೆದುಕೊಂಡವನಿಗೆ ಎರಡೇ ಹೆಜ್ಜೆ, ಮೂರನೆಯದಕ್ಕೆ ಸೀಟಿ. ನಮ್ಮ ಹುಡುಗನ ಬದುಕೂ ಹೀಗೇ. ಮೊದಲ ಹೆಜ್ಜೆ ಅನಂತಪುರಕ್ಕೆ, ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ತಂಡಕ್ಕೆ. ಎರಡನೆಯದು ಬೆಂಗಳೂರಿಗೆ, ಕಂಠೀರವದ ಅಂಗಳದಲ್ಲಿ ಯಾರಾದರೂ ದೊಡ್ಡವರ ಕಣ್ಣಿಗೆ ಬೀಳಲು. ಮೂರನೆಯದಕ್ಕೆ ಕಾಲೆತ್ತುವಷ್ಟರಲ್ಲಿ ಮನೆಯಿಂದ ಸೀಟಿ.

“ಗ್ರೌಂಡಿಗೆ ಹೋಗಿದ್ದು ಸಾಕು ಕಣೋ, ಆ ರೈಲ್ವೆ ಅರ್ಜಿ ಏನಾಯ್ತು?”

“ಟ್ರಯಲ್ಸ್ ಐತಮ್ಮ.”

“ಸಿಕ್ರೆ ಪರ್ಮನೆಂಟಾ?”

“ಪರ್ಮನೆಂಟು.”

“ಮತ್ತೆ ಆ ಫಾರಿನ್ನಿಂದು?”

“ಒಂದು ಸೀಸನ್ನು.”

ವೇದಾಂತಿಗಳು ಇದನ್ನೇ ನಿತ್ಯಾನಿತ್ಯವಸ್ತುವಿವೇಕ ಎಂದು ಕರೆದು ಮೋಕ್ಷದ ಮೊದಲ ಮೆಟ್ಟಿಲಾಗಿ ಇಟ್ಟಿದ್ದಾರೆ. ಆ ತಾಯಿಗೆ ಅದು ಅಡುಗೆಮನೆಯಲ್ಲೇ ಸಿದ್ಧಿಸಿದೆ. ಅವಳ ತರ್ಕದಲ್ಲಿ ದೋಷ ಹುಡುಕಿ ಈ ಲೇಖಕ ಸೋತಿದ್ದಾನೆ. 2015ರಲ್ಲಿ ಯುಬಿಎ ಎಂಬ ವೃತ್ತಿಪರ ಲೀಗ್ ನಮ್ಮ ದೇಶದಲ್ಲೇ ಹುಟ್ಟಿತು, 2017ರ ಆಚೆಗೆ ಉಳಿಯಲಿಲ್ಲ. ಸ್ಪೋರ್ಟ್ಸ್ ಕೋಟಾದಲ್ಲಿ ಟಿಕೆಟ್ ಕಲೆಕ್ಟರ್ ಆದವನು ಮಾತ್ರ ಅರವತ್ತರವರೆಗೆ ಕಪ್ಪು ಕೋಟಿನಲ್ಲಿ ಉಳಿಯುತ್ತಾನೆ. ನೈಸ್ಮಿತ್‌ನ ಮೊದಲ ಬುಟ್ಟಿಗಳಿಗೆ ತಳವಿತ್ತು; ಚೆಂಡು ಬಿದ್ದಾಗಲೆಲ್ಲ ಏಣಿ ತಂದು ತೆಗೆಯಬೇಕಿತ್ತು. ಸರ್ಕಾರಿ ನೌಕರಿಯೂ ತಳವಿರುವ ಬುಟ್ಟಿಯೇ. ಏಣಿ ತರುವವರಿಲ್ಲ, ಚೆಂಡಿಗೂ ಹೊರಬರುವ ಆಸೆಯಿಲ್ಲ. ನಿತ್ಯವೆಂದು ನಂಬಿದ್ದೂ ಒಮ್ಮೊಮ್ಮೆ ಕೈಕೊಡುವುದುಂಟು: ಬೆಂಗಳೂರಿನಲ್ಲಿ ಬಾಸ್ಕೆಟ್‌ಬಾಲ್ ತಂಡ ಕಟ್ಟಿ ಆಟಗಾರರಿಗೆ ಅನ್ನ ಕೊಟ್ಟ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಯಿತು. ಆದರೂ ಸಂಬಳ ನಿಲ್ಲಲಿಲ್ಲ ಎಂದು ತಾಯಿ ಸಮಾಧಾನ ಹೇಳುವಳು.

ಪೂರ್ವಪಕ್ಷಿಗಳು ಈಗ ಎದ್ದು ನಿಲ್ಲುತ್ತಾರೆ: ಹೋದವರಿದ್ದಾರಲ್ಲ? ಇದ್ದಾರೆ. ಸಿಮ್ ಭುಲ್ಲರ್ ಅಮೆರಿಕದ ನ್ಯೂ ಮೆಕ್ಸಿಕೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆಡಿ 2015ರ ಏಪ್ರಿಲಿನಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್ ಪರವಾಗಿ ಎನ್‌ಬಿಎ ಅಂಗಳಕ್ಕಿಳಿದರು. ಆದರೆ ಅವರು ಹುಟ್ಟಿದ್ದೇ ಕೆನಡಾದಲ್ಲಿ. ಅವರಿಗೆ ಹಿಂದೂಪುರವೇ ಪರದೇಶ. ಅದೇ ವರ್ಷ ಪಂಜಾಬಿನ ಬಲ್ಲೋಕೆ ಹಳ್ಳಿಯ ಸತ್ನಾಮ್ ಸಿಂಗ್ ಅವರನ್ನು ಡಲ್ಲಾಸ್ ಮಾವರಿಕ್ಸ್ ಡ್ರಾಫ್ಟಿನ 52ನೆಯ ಆಯ್ಕೆಯಾಗಿ ತೆಗೆದುಕೊಂಡಿತು. ಏಳಡಿ ಎರಡಂಗುಲದ ಅವರು ಕಾಲೇಜು ಹಂತವನ್ನೇ ಹಾರಿದವರು: ಲೂಧಿಯಾನ ಅಕಾಡೆಮಿಯಿಂದ 2010ರಲ್ಲಿ, ಹದಿನಾಲ್ಕರ ಪ್ರಾಯದಲ್ಲೇ, ಫ್ಲಾರಿಡಾಕ್ಕೆ. ಎನ್‌ಬಿಎ ಪಂದ್ಯ ಆಡುವ ಯೋಗ ಬರಲಿಲ್ಲ. ಕೆನಡಾದ ಲೀಗಿನಲ್ಲಿ ಆಡಿ, ಕೊನೆಗೆ ಕುಸ್ತಿ ಪ್ರದರ್ಶನದ ಅಖಾಡ ಸೇರಿದರು. 2017ರಲ್ಲಿ ಆಸ್ಟ್ರೇಲಿಯಾದ ಲೀಗ್ ಅಮೃತಪಾಲ್ ಸಿಂಗ್ ಅವರನ್ನು ಸಿಡ್ನಿಗೂ, ವಾರಾಣಸಿಯ ವಿಶೇಷ್ ಭೃಗುವಂಶಿ ಅವರನ್ನು ಅಡಿಲೇಡಿಗೂ ಕರೆಯಿತು. ಅಮೃತಪಾಲ್ ಹದಿಹರೆಯದ ಕೊನೆಯವರೆಗೂ ಬಾಸ್ಕೆಟ್‌ಬಾಲ್ ಮುಟ್ಟದೆ ಹೊಲದಲ್ಲಿದ್ದವರು. ಅವರು ಅಪವಾದ, ಮತ್ತು ಅಪವಾದವಿಲ್ಲದ ಶಾಸ್ತ್ರವನ್ನು ಯಾರೂ ನಂಬುವುದಿಲ್ಲ.

ನಿಜವಾದ ಕಾಲೇಜು ದೃಷ್ಟಾಂತ ಹೆಣ್ಣುಮಕ್ಕಳದ್ದು. ಚಂಗನಾಶ್ಶೇರಿಯ ಅಸಂಪ್ಷನ್ ಕಾಲೇಜಿನಲ್ಲಿ ಓದಿದ ಗೀತು ಅನ್ನಾ ಜೋಸ್ ದಕ್ಷಿಣ ರೈಲ್ವೆಗೆ ಸೇರಿಯೂ 2006ರಲ್ಲಿ ಮೆಲ್ಬರ್ನಿನ ರಿಂಗ್‌ವುಡ್ ತಂಡಕ್ಕೆ ಆಡಿದರು. 2011ರಲ್ಲಿ ಅಮೆರಿಕದ ಮಹಿಳಾ ಲೀಗ್ ಡಬ್ಲ್ಯುಎನ್‌ಬಿಎಯ ಟ್ರಯಲ್ಸಿಗೂ ಹೋಗಿಬಂದರು. ತಳವಿರುವ ಬುಟ್ಟಿಯೊಳಗಿಂದ ಪುಟಿದು ಹೊರಬಂದ ಚೆಂಡು ಅದೊಂದು. ಬೆಂಗಳೂರಿನ ಸಂಜನಾ ರಮೇಶ್ 2019ರಲ್ಲಿ ವಿದ್ಯಾರ್ಥಿವೇತನದ ಮೇಲೆ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ತಂಡ ಸೇರಿದರು. ಇಲ್ಲಿ ಗಮನಿಸತಕ್ಕದ್ದಿದೆ. ಅಮೆರಿಕದಲ್ಲಿ ಕಾಲೇಜು ಎಂದರೆ ವೃತ್ತಿಪರ ಲೀಗಿನ ಬಾಗಿಲು. ಇಲ್ಲಿ ಅದು ನೌಕರಿಯ ಅರ್ಜಿಗೆ ಲಗತ್ತಿಸುವ ಸರ್ಟಿಫಿಕೇಟು. ಒಂದೇ ಚೆಂಡು, ಒಂದೇ ಹತ್ತಡಿ. ಪುಟಿಯುವ ದಿಕ್ಕು ಮಾತ್ರ ಬೇರೆ.

ಕಲ್ಯಾಣದುರ್ಗದ ವಿಷಯ ಇನ್ನೂ ಗಹನ. ಸ್ಪೇನಿನ ವಿಸೆಂಟೆ ಫೆರರ್ ಅನಂತಪುರಕ್ಕೆ ಬಂದು 1969ರಲ್ಲಿ ಶುರುಮಾಡಿದ ಆರ್‌ಡಿಟಿ ಎಂಬ ಸೇವಾಸಂಸ್ಥೆಯ ಆಸ್ಪತ್ರೆ ಅಲ್ಲಿದೆ. 2010ರಲ್ಲಿ ರಫೆಲ್ ನಡಾಲ್ ಅವರೇ ಅನಂತಪುರಕ್ಕೆ ಬಂದು ಟೆನಿಸ್ ಶಾಲೆ ತೆರೆದು ಹೋದರು. ಯುರೋಪಿನ ಬಲಿಷ್ಠ ಬಾಸ್ಕೆಟ್‌ಬಾಲ್ ಲೀಗುಗಳಲ್ಲೊಂದು ಅದೇ ಸ್ಪೇನಿನದು. ಅಂದಮೇಲೆ ದಾರಿ ಇದೆ, ಸವೆದೂ ಇದೆ, ಬರುವವರ ಕಾಲಿನಿಂದ ಮಾತ್ರ. ಇಲ್ಲಿಂದ ಹೊರಡುವವರ ದಾರಿ ಬೇರೆ. ದೇಶದಲ್ಲೇ ಅತಿ ಕಡಿಮೆ ಮಳೆಯ ಸೀಮೆಗಳಲ್ಲಿ ಇದೊಂದು. ಕಡಲೆಕಾಯಿ ಕೈಕೊಟ್ಟ ವರ್ಷ ಜನ ಗಾರೆ ಕೆಲಸಕ್ಕೆ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಅವರಲ್ಲಿ ಆರಡಿ ಮೀರಿದವರೂ ಇರುತ್ತಾರೆ. ಅವರ ಎತ್ತರವನ್ನು ಮೊದಲು ಗುರುತಿಸುವವನು ಮೇಸ್ತ್ರಿ: ಏಣಿ ಉಳಿಯುತ್ತದೆ.

ಶಾಸ್ತ್ರನಿರ್ಣಯ ಇಷ್ಟು. ಪರದೇಶದ ಲೀಗಿಗೆ ನಮ್ಮ ಕಾಲೇಜು ತೀರಾ ತಡವಾದ ನಿಲ್ದಾಣ; ಅಲ್ಲಿಗೆ ಬರುವ ಹೊತ್ತಿಗೆ ಹುಡುಗನ ಎರಡು ಹೆಜ್ಜೆಯೂ ಮುಗಿದಿರುತ್ತವೆ. ಆದ್ದರಿಂದ ವಿನಂತಿ ಕಾಲೇಜಿನ ಪಿ.ಡಿ. ಸರ್‌ಗಳಿಗಲ್ಲ, ಹೈಸ್ಕೂಲು ಮೇಷ್ಟ್ರುಗಳಿಗೆ. ಎಂಟನೇ ಕ್ಲಾಸಿನ ಕೊನೇ ಬೆಂಚಿನಲ್ಲಿ ಮೊಣಕಾಲು ಮಡಚಲು ಜಾಗ ಸಾಲದೆ ಕೂತಿರುವ ಹುಡುಗನೋ ಹುಡುಗಿಯೋ ಇದ್ದರೆ, ಟ್ಯೂಬ್‌ಲೈಟ್ ಬದಲಿಸಲು ಕರೆಯುವುದಕ್ಕೆ ಮುಂಚೆ ಬೀರುವಿನಿಂದ ಆ ಚೆಂಡು ತೆಗೆದು ಕೊಡಿ. ಕೊಡುವ ಮೊದಲು ಗಾಳಿ ಹೊಡೆಸಿ.