ಉರುಳದ ಕಾಯಿ

(ಜಾವಳಿ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಮುಗಿದಿದೆ, ಮಂಜು ಮುಗಿದಿಲ್ಲ.)

ಸಂಘಟಕ: ವ್ಯವಸ್ಥೆ ಹೇಗಿತ್ತು ಗೌಡ್ರೆ? ಸಂಕೋಚ ಬೇಡ, ಹೇಳಿ.

ಗೌಡ್ರು: ಅಕ್ಕಿರೊಟ್ಟಿ, ಕೋಳಿಸಾರು ಫಸ್ಟ್ ಕ್ಲಾಸ್. ಕಾಯಿ ಮಾತ್ರ ಕಾಣ್ಲಿಲ್ಲ ಮಾರಾಯ್ರೆ.

ಸಂಘಟಕ: ಹೇಮಾವತಿ ಹುಟ್ಟೋ ಊರಲ್ವಾ, ಮಂಜು ಇರುತ್ತೆ. ಪಾಯಿಂಟ್ 22 ರೈಫಲ್‌ನಲ್ಲಿ ಬೇರೆಯವರು ಹೊಡೆದ್ರಲ್ಲ?

ಗೌಡ್ರು: ನಾನೂ ಹೊಡೆದೆ! ಕಾಯಿ ಉರುಳ್ಲಿಲ್ಲ, ತೂತು ಬಿದ್ದಿತ್ತು. ನಿಮ್ಮ ತೀರ್ಪುಗಾರ ಕನ್ನಡಕ ಒರೆಸ್ಕೊಂಡು, ತೂತಿಗೆ ಕಿರುಬೆರಳು ತೂರಿಸಿ, "ಇದು ಹೋದ ವರ್ಷದ್ದು" ಅಂದ.

ಸಂಘಟಕ: ಹಾಗಾದ್ರೆ 12 ಬೋರ್ ಕೋವಿ ವಿಭಾಗದಲ್ಲಿ ಸೇರಬಹುದಿತ್ತು.

ಗೌಡ್ರು: ಎಲೆಕ್ಷನ್ ಬಂದಾಗೆಲ್ಲ ಠಾಣೇಲಿಟ್ಟು ನಳಿಗೆಗೆ ತುಕ್ಕು ಹಿಡಿದಿದೆ. ನಮ್ಮ ಕೋವಿ ತೋಟದ ಮಂಗಗಳನ್ನ ನೋಡಿದ್ದಕ್ಕಿಂತ ಪೊಲೀಸರನ್ನ ನೋಡಿದ್ದೇ ಹೆಚ್ಚು.

ಸಂಘಟಕ: ಕೊಡವರಿಗೆ ಲೈಸೆನ್ಸ್ ರಗಳೆನೇ ಇಲ್ವಂತೆ.

ಗೌಡ್ರು: 2029ರವರೆಗೆ ವಿನಾಯಿತಿ ಇದೆ. ನಮಗೋ, ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಬಂದ್ಮೇಲೆ ತಲೆಗೆ ಎರಡೇ ಕೋವಿ. ಅಜ್ಜಂದು ಬಿಡ್ಲಾ, ಅಪ್ಪಂದು ಬಿಡ್ಲಾ?

(ಮೂರನೆಯದು ಅವರದ್ದೇ. ಅದನ್ನು ಬಿಡುವ ಮಾತೇ ಬರಲಿಲ್ಲ.)

ಸಂಘಟಕ: ಪ್ರವೇಶ ಶುಲ್ಕ ಜಾಸ್ತಿ ಆಯ್ತಾ?

ಗೌಡ್ರು: ಶುಲ್ಕಕ್ಕೆ ಬದಲು ಆ ಕಾಯಿನಾದ್ರೂ ಕೊಡಿ. ಚಟ್ನಿಗಾಗುತ್ತೆ.

ಸಂಘಟಕ: ಅದೊಂದು ಕೇಳ್ಬೇಡಿ. ಮುಂದಿನ ವರ್ಷಕ್ಕೂ ಬೇಕು.