ಬೆದ್ದಲು ಸೀಮೆಯ ಗುಂಗುರು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕು ಹೆಸರು ಪತ್ರಿಕೆಯಲ್ಲಿ ಒಟ್ಟಿಗೆ ಬಂತೆಂದರೆ ಹಿಂದೆಯೋ ಮುಂದೆಯೋ ‘ಬರಪೀಡಿತ’ ಎಂಬ ಮಾತು ಇದ್ದೇ ಇರುತ್ತದೆ. ನಾವೂ ಅದಕ್ಕೆ ಒಗ್ಗಿಹೋಗಿದ್ದೇವೆ. ಹೆಣ್ಣು ಕೊಡಲು ಬಂದವರು ಊರಿಗೆ ನೀರು ಹೇಗೆ ಎಂದು ಮೊದಲು ಕೇಳುತ್ತಾರೆ, ಹುಡುಗ ಹೇಗೆ ಎಂದು ಆಮೇಲೆ. ಪಾವಗಡದ ಕಡೆ ಬೋರು ಕೊರೆಸಿದರೆ ನೀರು ಬೀಳುವುದು ಅನುಮಾನ. ಬಿದ್ದರೆ ಜೊತೆಗೆ ಫ್ಲೋರೈಡು ಬರುವುದು ಹೆಚ್ಚುಕಡಿಮೆ ಖಾತ್ರಿ. ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿಲಿಮೀಟರ್ ದಾಟಿ ಹೊಯ್ಯುವ ಮಳೆ ಇಲ್ಲಿ 600 ಮುಟ್ಟಿದರೆ ಹಬ್ಬ. ಇಂಥ ಸೀಮೆಗೂ ದೇವರು ಏನಾದರೊಂದು ಉಪಕಾರ ಮಾಡಿರಲೇಬೇಕಲ್ಲ ಎಂದು ಹುಡುಕಿದವಳಿಗೆ ಕೊನೆಗೆ ಸಿಕ್ಕಿದ್ದು ಇಷ್ಟು: ನಮ್ಮ ಕಡೆ ಬೆಳಿಗ್ಗೆ ಸುರುಳಿ ಮಾಡಿಕೊಂಡ ಕೂದಲು ರಾತ್ರಿ ಊಟದವರೆಗೂ ಬಿಚ್ಚಿಕೊಳ್ಳುವುದಿಲ್ಲ.

ಇದೇನು ಮಹಾ ಎನ್ನಬೇಡಿ. ಕೂದಲಿನ ಸಂಸಾರದಲ್ಲಿ ಯಜಮಾನಿಕೆ ನೀರಿನದು. ಎಳೆಯೊಳಗೆ ಕೆರಾಟಿನ್ ಎಂಬ ಪ್ರೋಟೀನಿನ ಸರಗಳಿವೆ. ಅವನ್ನು ಒಂದಕ್ಕೊಂದು ಹಿಡಿದಿಡುವ ಬಂಧಗಳಲ್ಲಿ ಹೈಡ್ರೋಜನ್ ಬಂಧ ಎಂಬುದು ಬಹಳ ದಾಕ್ಷಿಣ್ಯದ ಸ್ವಭಾವದ್ದು. ನೀರು ಸೋಕಿದೊಡನೆ ಕೈ ಬಿಡುತ್ತದೆ. ಒಣಗುವಾಗ ಕೂದಲು ಯಾವ ಭಂಗಿಯಲ್ಲಿದೆಯೋ ಆ ಭಂಗಿಯಲ್ಲೇ ಮತ್ತೆ ಹಿಡಿದುಕೊಳ್ಳುತ್ತದೆ. ಒದ್ದೆ ಕೂದಲನ್ನು ಸುತ್ತಿ ಒಣಗಿಸಿದರೆ ಸುರುಳಿ, ಹೆಣೆದು ಒಣಗಿಸಿದರೆ ಅಲೆ. ಬಿಚ್ಚುವುದಕ್ಕೆ ಮತ್ತೆ ನೀರೇ ಸುರಿಯಬೇಕೆಂದಿಲ್ಲ, ಗಾಳಿಯ ತೇವವೇ ಸಾಕು. ಕರಾವಳಿಯ ಮದುವೆಯಲ್ಲಿ ಮುಹೂರ್ತಕ್ಕೆ ಗುಂಗುರಾಗಿದ್ದ ತಲೆ ಪಾಯಸ ಬಡಿಸುವ ಹೊತ್ತಿಗೆ ನೆಟ್ಟಗಾಗುವುದು ಇದರಿಂದಲೇ. ಪಾವಗಡದ ಗಾಳಿಯಲ್ಲಿ ಅಂಥ ಭಯವಿಲ್ಲ. ಅಲ್ಲಿ ಹಪ್ಪಳವೂ ಮೆತ್ತಗಾಗುವುದಿಲ್ಲ.

ಈ ವಿದ್ಯೆ ನನಗೆ ಅಂಟಿಕೊಂಡದ್ದು ತಮ್ಮನ ಮಗಳಿಂದ. ಮದುವೆ ಗೊತ್ತಾದ ಮೇಲೆ, ಮದುವೆಗೆ ಮುಂಚೆಯೇ ಗಂಡು ಹೆಣ್ಣು ಫೋಟೊ ತೆಗೆಸಿಕೊಳ್ಳುವ ಹೊಸ ಶಾಸ್ತ್ರವೊಂದಿದೆಯಲ್ಲ, ಅದಕ್ಕೆ ಅವಳು ‘ರೆಟ್ರೋ’ ಆಗಬೇಕಿತ್ತು.

“ಅತ್ತೆ, ನಂಗೆ ಕಲ್ಪನಾ ಥರ ತಲೆ ಬೇಕು.”

“ಯಾವ ಕಲ್ಪನಾನೇ? ‘ಬೆಳ್ಳಿಮೋಡ’ದ್ದೋ, ‘ಶರಪಂಜರ’ದ್ದೋ?”

ಅವಳು ಫೋನು ತಿರುವಿ ಹಾಕಿ, “ಕೂದ್ಲು ಜಾಸ್ತಿ ಇರೋ ಕಲ್ಪನಾ” ಎಂದಳು.

ಮಧುಗಿರಿಯಲ್ಲಿ ಬ್ಯೂಟಿ ಪಾರ್ಲರುಗಳಿಗೇನು ಕೊರತೆಯಿಲ್ಲ. ಆದರೆ ಅಲ್ಲಿರುವುದೆಲ್ಲ ಸ್ಟ್ರೈಟ್ನಿಂಗು, ಸ್ಮೂತ್ನಿಂಗು. ಹುಟ್ಟು ಗುಂಗುರನ್ನು ಸಾವಿರಾರು ರೂಪಾಯಿ ತೆತ್ತು ನೆಟ್ಟಗೆ ಮಾಡಿಸಿಕೊಳ್ಳುವ ಕಾಲದಲ್ಲಿ, ನೆಟ್ಟಗಿರುವುದನ್ನು ಬಾಗಿಸಿ ಎಂದು ಹೋದರೆ ಆ ಹುಡುಗಿಯರು ಏನು ತಾನೆ ಮಾಡಿಯಾರು? ಬಿಸಿ ಕಡ್ಡಿ ತೋರಿಸಿದರು. ಅದರಿಂದ ಬರುವುದು ಈಗಿನ ಧಾರಾವಾಹಿಯ ಸುರುಳಿ, ಆಗಿನ ಸಿನಿಮಾದ್ದಲ್ಲ. ವಿಚಾರಿಸುತ್ತ ಹೋಗಿ ಕೊನೆಗೆ ಶಿರಾದಲ್ಲಿ ಒಬ್ಬ ಆಪಾ ಇದ್ದಾರೆಂದು ತಿಳಿಯಿತು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಚೀನೀ ಮನೆತನದವರು ನಡೆಸುತ್ತಿದ್ದ ಪಾರ್ಲರುಗಳಿಗೆ ಒಂದು ಕಾಲದಲ್ಲಿ ಭಾರೀ ಹೆಸರು. ಅಂಥದೊಂದರಲ್ಲಿ ಹುಡುಗಿಯಾಗಿದ್ದಾಗ ಪಿನ್ನು ಎತ್ತಿಕೊಡುವ ಕೆಲಸಕ್ಕೆ ಸೇರಿ, ಎತ್ತಿಕೊಡುತ್ತ ಕೊಡುತ್ತ ಕಲಿತವರು ಅವರು. ಕೂದಲು ಮುಟ್ಟಿ ನೋಡಿದವರೇ ನನ್ನ ಕಡೆ ತಿರುಗಿ, “ಕ್ಯಾ ಟೀಚರಮ್ಮ, ಮನೇಲಿ ಎಣ್ಣೆ ಮಿಲ್ಲು ಇಟ್ಟೀರಾ?” ಎಂದರು.

ಎಣ್ಣೆ ಬಿಡಬೇಕೆಂಬುದೇ ಮೊದಲ ಪಾಠ. ನಮ್ಮಲ್ಲಿ ಎಣ್ಣೆ ಕಾಣದ ತಲೆ ಎಂದರೆ ಸೂತಕದ ಮನೆಯ ತಲೆ. ಮಗು ಎಣ್ಣೆ ಹಚ್ಚದೆ ಶಾಲೆಗೆ ಬಂದರೆ “ಏನೇ, ಅಮ್ಮ ಊರಲ್ಲಿಲ್ವಾ?” ಎಂದು ನಾನೇ ಎಷ್ಟೋ ಸಲ ಕೇಳಿದ್ದೇನೆ. ಎಣ್ಣೆ ಮೆತ್ತಿದ ಎಳೆ ನೀರು ಕುಡಿಯದು, ಸುರುಳಿಯಲ್ಲಿ ನಿಲ್ಲದು, ಪಿನ್ನು ಚುಚ್ಚಿದರೆ ಜಾರಿ ಹೊರಬರುತ್ತದೆ. ಎರಡನೆಯ ಪಾಠ ಕೇಳಿ ಮಾತ್ರ ನನಗೆ ಎದೆಯುಬ್ಬಿತು. ನಮ್ಮ ಬೋರಿನ ಗಡಸು ನೀರಿನಲ್ಲಿ ಸೀಗೆಕಾಯಿ ಹಾಕಿ ತೊಳೆದ ಕೂದಲು ಒರಟು. ಆ ಒರಟೇ ಪಿನ್ನಿಗೆ ಬೇಕಾದ್ದು. “ನಯ ಇರೋ ಕೂದಲು ಮಾತು ಕೇಳಲ್ಲಮ್ಮ, ನಿಮ್ದು ಕೇಳುತ್ತೆ” ಎಂದರು ಆಪಾ. ಬೋರ್‌ವೆಲ್ ನೀರನ್ನು ಹೊಗಳಿದವರನ್ನು ನಾನು ಕಂಡದ್ದು ಅದೇ ಮೊದಲು.

ಇನ್ನು ಕೆಲಸ. ಬಾಲದ ಬಾಚಣಿಗೆಯ ತುದಿಯಿಂದ ಒಂದಂಗುಲ ಚೌಕದಷ್ಟು ಕೂದಲನ್ನು ಬೈತಲೆ ತೆಗೆದು ಬೇರೆ ಮಾಡಬೇಕು. ನೀರು ಸೋರುವಂತಿರಬಾರದು, ಬೆರಳಿಗೆ ತಣ್ಣಗೆ ತಾಕಿದರೆ ಸಾಕು. ಬುಡದಿಂದ ತುದಿಯವರೆಗೆ ಸಿಕ್ಕಿಲ್ಲದಂತೆ ಬಾಚಿ, ತುದಿಯನ್ನು ತೋರುಬೆರಳ ಮೇಲೆ ಇಟ್ಟು ಸುತ್ತಲು ಶುರು. ತುದಿ ಸುರುಳಿಯ ಒಳಗೇ ಅಡಗಬೇಕು. ಹೊರಗುಳಿದರೆ ಒಣಗಿದ ಮೇಲೆ ಕೊಕ್ಕೆಯಾಗಿ ಮುರಿದು ನಿಲ್ಲುತ್ತದೆ, ಆಮೇಲೆ ಯಾವ ಬಾಚಣಿಗೆಗೂ ಬಗ್ಗುವುದಿಲ್ಲ. ಸುತ್ತುತ್ತ ಬುಡ ಸೇರಿದಾಗ ಬೆರಳು ಬಿಡಿಸಿಕೊಂಡು ಸುರುಳಿಯನ್ನು ನೆತ್ತಿಗೆ ಚಪ್ಪಟೆಯಾಗಿ ಒರಗಿಸಿ, ಒಂದರ ಮೇಲೊಂದು ಅಡ್ಡಡ್ಡ ಎರಡು ಪಿನ್ನು. ಒಂದು ಸಾಲು ಬಲಕ್ಕೆ ಸುತ್ತಿದರೆ ಕೆಳಗಿನ ಸಾಲು ಎಡಕ್ಕೆ. ಒಣಗಿದ ಮೇಲೆ ಬಾಚಿದಾಗ ಈ ಎರಡು ಸಾಲು ಒಂದರೊಳಗೊಂದು ಕೂತು ಅಲೆಯಾಗುತ್ತವೆ. ಎಲ್ಲವನ್ನೂ ಒಂದೇ ದಿಕ್ಕಿಗೆ ಸುತ್ತಿದರೆ ಬರೀ ಗುಂಗುರು, ಅಲೆಯಿಲ್ಲ. ನೆತ್ತಿಯ ಮೇಲಿನ ಎತ್ತರಕ್ಕೆ ಮಾತ್ರ ರೋಲರ್ ಬೇಕು. ಕೂದಲನ್ನು ನೇರ ಮೇಲಕ್ಕೆ, ಕೊಂಚ ಮುಂದಕ್ಕೇ ಎನ್ನುವಂತೆ ಎಳೆದು ಹಿಂದಕ್ಕೆ ಸುತ್ತಿದರೆ ರೋಲರ್ ತನ್ನ ಬುಡದ ಮೇಲೇ ಕೂತು ಎತ್ತರ ಕೊಡುತ್ತದೆ. ಹಿಂದಕ್ಕೆ ಜೋಲು ಬಿಟ್ಟು ಸುತ್ತಿದರೆ ಸುರುಳಿ ಬಂದೀತು, ಎತ್ತರ ಬಾರದು.

ಆಪಾನ ಹತ್ತಿರವಿದ್ದ ಹಳೆಯ ರೋಲರುಗಳ ಹಲ್ಲೆಲ್ಲ ಉದುರಿದ್ದವು. ಇದಕ್ಕೆ ಪರಿಹಾರ ಸಿಕ್ಕಿದ್ದು ತಮ್ಮನ ದಾಳಿಂಬೆ ತೋಟದಲ್ಲಿ. ಈ ನಾಲ್ಕೂ ತಾಲ್ಲೂಕುಗಳಲ್ಲಿ ಇವತ್ತು ಮಳೆ ಇಲ್ಲದಿದ್ದರೂ ಡ್ರಿಪ್ ಪೈಪು ಇಲ್ಲದ ತೋಟವಿಲ್ಲ. 16 ಮಿಲಿಮೀಟರಿನ ಕರಿ ಪೈಪನ್ನು ಗೇಣುದ್ದಕ್ಕೂ ಕಡಿಮೆ ಕತ್ತರಿಸಿ, ಅಂಚನ್ನು ಉಜ್ಜಿ ನಯ ಮಾಡಿದರೆ ಕಿವಿಯ ಪಕ್ಕದ ಸುರುಳಿಗೆ ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ನೆತ್ತಿಗೆ ಒಂದಿಂಚಿನ ಪಿವಿಸಿ ತುಂಡು. ತೋಟದಲ್ಲಿ ಒಂದು ಸಾಲಿನ ಗಿಡಗಳಿಗೆ ನೀರು ಯಾಕೆ ಹೋಗುತ್ತಿಲ್ಲವೆಂದು ತಮ್ಮ ತಲೆ ಕೆಡಿಸಿಕೊಂಡಿದ್ದಾಗ ಮಗಳು ಪಕ್ಕದಲ್ಲೇ ತಲೆ ತುಂಬ ಪೈಪು ಸುತ್ತಿಕೊಂಡು ಕಾಫಿ ಕುಡಿಯುತ್ತಿದ್ದಳು.

ಪಿನ್ನುಗಳ ವಂಶಾವಳಿ ಇನ್ನೂ ಹಳೆಯದು. ನಮ್ಮಜ್ಜಿ ಬಾಚಿದ ಮೇಲೆ ಉದುರಿದ ಕೂದಲನ್ನು ಬೆರಳಿಗೆ ಸುತ್ತಿ ಉಂಡೆ ಮಾಡಿ, ಥೂ ಎಂದು ಉಗಿದು, ಗೋಡೆಯ ಸಂದಿಗೆ ಸಿಕ್ಕಿಸುತ್ತಿದ್ದಳು. ತಿಂಗಳಿಗೋ ಎರಡು ತಿಂಗಳಿಗೋ ಕೂದಲು ಕೊಳ್ಳುವವನು ಕೂಗಿಕೊಂಡು ಬಂದಾಗ ಗೋಡೆಯ ಸಂದಿಗಳೆಲ್ಲ ಖಾಲಿಯಾಗಿ, ಅದಕ್ಕೆ ಬದಲು ಏರ್‌ಪಿನ್ನು, ಪಿನ್ನುಸೂಜಿ, ಟೇಪು, ಗಲಾಟೆ ಮಾಡಿದ ಮಕ್ಕಳಿಗೆ ಒಂದು ಬಲೂನು ಬರುತ್ತಿದ್ದವು. ಹೀಗೆ ಮನೆಮನೆಯಿಂದ ಹೋದ ಕೂದಲು ಕೊಪ್ಪಳದ ಪಕ್ಕದ ಭಾಗ್ಯನಗರದಂಥ ಊರುಗಳಲ್ಲಿ ಸಿಕ್ಕು ಬಿಡಿಸಿಕೊಂಡು, ಉದ್ದದ ಪ್ರಕಾರ ಕಟ್ಟಾಗಿ ಪರದೇಶಕ್ಕೆ ಹೋಗುತ್ತದೆ. ಅಜ್ಜಿಯ ಕೂದಲು ಯಾವ ದೊರೆಸಾನಿಯ ತಲೆಯೇರಿತೋ! ಅವಳ ಪಿನ್ನುಗಳಂತೂ ತಗಡಿನ ಡಬ್ಬಿಯಲ್ಲಿ ಉಳಿದಿದ್ದು, ಈಗ ಮರಿಮಗಳ ತಲೆಗೆ ಬಂದವು. ಈಗಿನ ಪಿನ್ನು ಎರಡು ಸಲಕ್ಕೆ ಬಾಯಿ ತೆರೆಯುತ್ತದೆ. ಅವು ಇನ್ನೂ ಕಚ್ಚುತ್ತವೆ.

ಸುರುಳಿ ನಿಲ್ಲಲು ಹಿಂದೆ ಏನೇನೋ ಹಚ್ಚುತ್ತಿದ್ದರು. ಪಾಶ್ಚಾತ್ಯರಲ್ಲಿ ಬಿಯರು ಹಚ್ಚುವ ರೂಢಿಯಿತ್ತು. ಅದನ್ನು ತಲೆಗೆ ಹಚ್ಚಿಕೊಂಡು ಶಿರಾದಿಂದ ಮಧುಗಿರಿ ಬಸ್ಸು ಹತ್ತಿದರೆ ಕಂಡಕ್ಟರಿಗೆ ಯಾವ ವಿವರಣೆ ಕೊಟ್ಟರೂ ಸಾಲದು. ಸಕ್ಕರೆ ನೀರೂ ನಡೆಯುತ್ತದೆ, ಆದರೆ ಆ ಕಥೆಯನ್ನು ನಮ್ಮ ಬೇಸಗೆಯ ಇರುವೆಗಳನ್ನೇ ಕೇಳಬೇಕು. ಆಪಾನ ಮದ್ದು ಅಗಸೆ ಬೀಜ. ಒಂದು ಚಮಚ ಬೀಜವನ್ನು ಒಂದು ಲೋಟ ನೀರಲ್ಲಿ ಲೋಳೆ ಬರುವವರೆಗೆ ಕುದಿಸಿ, ಬಿಸಿಯಾಗಿರುವಾಗಲೇ ಬಟ್ಟೆಯಲ್ಲಿ ಸೋಸಬೇಕು. ಆರಿದರೆ ಲೋಳೆ ಬಟ್ಟೆಯನ್ನು ಬಿಟ್ಟು ಬರುವುದಿಲ್ಲ.

ರಾತ್ರಿ ಪಿನ್ನು ಚುಚ್ಚಿಕೊಂಡು ಮಲಗುವುದೇ ನಿಜವಾದ ತಪಸ್ಸು. ಹುಡುಗಿ ಯಾವ ಮಗ್ಗುಲಿಗೆ ಹೊರಳಿದರೂ “ಅಯ್ಯಪ್ಪಾ” ಎನ್ನುತ್ತಿದ್ದಳು. ನಮ್ಮಮ್ಮ ಕತ್ತಲಲ್ಲೇ, “ತಿಮ್ಮಪ್ಪನಿಗೆ ಮುಡಿ ಕೊಟ್ಟಿದ್ರೆ ಇಷ್ಟು ಕಷ್ಟ ಇರ್ತಿರ್ಲಿಲ್ಲ” ಎಂದಳು. ಇದೊಂದು ಕಷ್ಟವೇ? ಕಾರ್ಲ್ ನೆಸ್ಲರ್ ಎಂಬ ಜರ್ಮನ್ ಕ್ಷೌರಿಕ 1905ರಲ್ಲಿ ಲಂಡನ್ನಿನಲ್ಲಿ ತೊಳೆದರೂ ಹೋಗದ ಗುಂಗುರನ್ನು ಜನರೆದುರು ಮಾಡಿ ತೋರಿಸಿದ. ಹಿತ್ತಾಳೆ ಸಲಾಕೆಗಳಿಗೆ ಕೂದಲು ಸುತ್ತಿ ವಿದ್ಯುತ್ತಿನಿಂದ ಕಾಯಿಸುವುದು, ಭಾರ ತಾಳಲಾರದೆಂದು ಅವನ್ನು ಮೇಲಿನಿಂದ ತೂಗು ಹಾಕುವುದು. ಕೂದಲಿಗೆ ಹಚ್ಚುತ್ತಿದ್ದ ದ್ರಾವಣದಲ್ಲಿ ಗೋಮೂತ್ರವೂ ಇತ್ತೆನ್ನುತ್ತಾರೆ. ಮೊದಲ ಪ್ರಯೋಗಗಳೆಲ್ಲ ಹೆಂಡತಿಯ ಮೇಲೆ. ಎರಡು ಸಲ ಆಕೆಯ ಕೂದಲು ಸುಟ್ಟುಹೋಯಿತು. ಮೂರನೆಯ ಸಲವೂ ಆಕೆ ಕುರ್ಚಿಯಲ್ಲಿ ಕೂತಳಲ್ಲ, ಪೇಟೆಂಟು ಆಕೆಗೆ ಕೊಡಬೇಕಿತ್ತು.

ಅಮ್ಮನಿಗೆ ಈ ಕಥೆಯೂ ನಾಟಲಿಲ್ಲ. ಅವಳ ಲೆಕ್ಕದಲ್ಲಿ ತಲೆ ಕಟ್ಟುವುದೆಂದರೆ ಮೊಗ್ಗಿನ ಜಡೆ. ಬೇಸಗೆಯಲ್ಲಿ ಮಲ್ಲಿಗೆ ಅಗ್ಗವಾದಾಗ, ಅರಳುವ ಮುಂಚಿನ ಮೊಗ್ಗುಗಳನ್ನು ಬಾಳೆಪಟ್ಟೆಯ ಉದ್ದನೆಯ ತುಂಡಿನ ಮೇಲೆ ಒತ್ತೊತ್ತಾಗಿ ಹೊಲಿದು, ನಡುನಡುವೆ ಕನಕಾಂಬರ, ಜರಿ ಇಟ್ಟು, ಚೌರಿ ಸೇರಿಸಿ ಹೆಣೆದ ಜಡೆಗೆ ಬಿಗಿಯುತ್ತಿದ್ದರು. ಆ ಭಾರಕ್ಕೆ ಹುಡುಗಿಯ ಗದ್ದ ತಾನಾಗಿ ಮೇಲೇಳುತ್ತಿತ್ತು. ಅದೇ ಗತ್ತಿನಲ್ಲಿ ಸ್ಟುಡಿಯೋಗೆ ನಡೆಸಿಕೊಂಡು ಹೋಗಿ, ಹಿಂದೆ ಒಂದು ನಿಲುವುಗನ್ನಡಿ ಇಟ್ಟು, ಮುಖವೂ ಜಡೆಯೂ ಒಂದೇ ಫೋಟೊದಲ್ಲಿ ಬರುವಂತೆ ತೆಗೆಸುವುದು. ಅಮ್ಮನ ಅಂಥ ಫೋಟೊ ನಮ್ಮನೆ ನಡುಮನೆಯಲ್ಲಿದೆ. ಅತ್ತು ಅತ್ತು ಕಾಡಿಗೆ ಕೆನ್ನೆಗೆ ಇಳಿದಿದೆ, ಜಡೆ ಮಾತ್ರ ಅಲುಗಿಲ್ಲ.

ಬೆಳಿಗ್ಗೆ ಪಿನ್ನು ತೆಗೆದಾಗ ಎಂಥವರಿಗೂ ಎದೆ ಧಸಕ್ಕೆನ್ನಬೇಕು. ತಲೆಯ ತುಂಬ ಬಿಗಿ ಬಿಗಿ ಸುರುಳಿ. ಯಾವ ಕಲ್ಪನಾಳೂ ಅಲ್ಲಿಲ್ಲ. ಹುಡುಗಿ ಕನ್ನಡಿ ನೋಡಿ ಬಾಯಿ ತೆರೆಯುವ ಮುಂಚೆಯೇ ಆಪಾ ಬ್ರಶ್ ಹಿಡಿದು ಬಾಚಲು ನಿಂತರು. ಕೆಡುತ್ತದೆ, ಸಾಕು ಎಂದು ನಮಗೆ ಅನಿಸುವಲ್ಲಿಂದ ಮುಂದಕ್ಕೇ ಬಾಚಬೇಕಂತೆ. ಬಾಚಿದರು, ಇನ್ನೂ ಬಾಚಿದರು. ಸುರುಳಿಗಳು ಒಂದನ್ನೊಂದು ಹುಡುಕಿಕೊಂಡು, ಹಣೆಯ ಬಲಗಡೆಯಿಂದ ಶುರುವಾದ ಒಂದು ಅಲೆ ಕಿವಿಯನ್ನು ಮುಚ್ಚಿ ಕತ್ತಿಗೆ ಇಳಿಯಿತು. ನೆತ್ತಿಯ ಭಾಗವನ್ನು ಬುಡದ ಕಡೆಗೆ ಹಿಂಬಾಚಿ ಮೇಲೆ ನಯ ಮಾಡಿದ ಮೇಲೆ, ಕೊರಟಗೆರೆ ರಸ್ತೆಯಿಂದ ನೋಡಿದ ಮಧುಗಿರಿ ಬೆಟ್ಟದ ಹಾಗೆ ಒಂದೇ ಉಬ್ಬು ಎದ್ದು ನಿಂತಿತು.

ಬೆಟ್ಟದ ಕೋಟೆಯ ಮೊದಲ ಬಾಗಿಲಲ್ಲಿ ಫೋಟೊ. ಗಾಳಿ ಬಿಸಿಲು ಎರಡೂ ಧಾರಾಳ. ಪಾವಗಡದ ತಿರುಮಣಿಯಲ್ಲಿ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕು ಮಾಡಿದ ಬಿಸಿಲಿಗೆ ಒಂದು ತಲೆ ಒಣಗಿಸುವುದೇನು ಲೆಕ್ಕ! ಬಣ್ಣದ ಫೋಟೊಗಳು ಬಂದಾಗ ಎಲ್ಲರ ಮುಖ ಸಪ್ಪೆಯಾಯಿತು. ಕೆಂಪು ಸೀರೆ, ಹಸಿರು ಬಳೆಗಳ ನಡುವೆ ಕೂದಲು ಬರೀ ಕಪ್ಪು ಗುಡ್ಡೆ. ಫೋಟೊಗ್ರಾಫರ್ ಹುಡುಗ ಬಣ್ಣ ತೆಗೆದು ತೋರಿಸಿದ. ಅಲೆಯ ಏರಿನ ಮೇಲೆ ಬೆಳಕು, ತಗ್ಗಿನಲ್ಲಿ ನೆರಳು, ಒಂದೊಂದು ಮಡಿಕೆಯೂ ಎದ್ದು ಬಂತು. ಆಗ ಹೊಳೆಯಿತು: ಈ ಕೇಶಾಲಂಕಾರ ಬೆಳೆದದ್ದೇ ಕಪ್ಪು ಬಿಳುಪಿನ ಕ್ಯಾಮೆರಾದ ಕಣ್ಣಿಗೆ. ‘ಅಮರಶಿಲ್ಪಿ ಜಕಣಾಚಾರಿ’ 1964ರಲ್ಲಿ ಕನ್ನಡಕ್ಕೆ ಬಣ್ಣ ತಂದಿದ್ದರೂ 1967ರ ‘ಬೆಳ್ಳಿಮೋಡ’ ಕಪ್ಪು ಬಿಳುಪಿನದೇ. 1971ರ ‘ಶರಪಂಜರ’ ಬಣ್ಣದ್ದು. ಯಾವ ಕಲ್ಪನಾ ಎಂದು ನಾನು ಕೇಳಿದ್ದು ಸುಮ್ಮನೆ ಬಿಂಕಕ್ಕಲ್ಲ ಎಂದು ಹುಡುಗಿಗೆ ಈಗಲಾದರೂ ತಿಳಿದಿರಬೇಕು. ತಿಳಿದಂತೆ ತೋರಿಸಿಕೊಳ್ಳಲಿಲ್ಲ.

ಸುದ್ದಿ ಹರಡಿ ಮನೆಗೆ ಬಂದ ಮೊದಲ ಗಿರಾಕಿ ಹೆಂಗಸಲ್ಲ, ಪಕ್ಕದ ಹಳ್ಳಿಯ ದುರ್ಯೋಧನ. ಗುಬ್ಬಿ ವೀರಣ್ಣನವರ ಜಿಲ್ಲೆಯಿದು. ಕಂಪನಿಗಳು ಮುಚ್ಚಿದರೂ ಹಳ್ಳಿಯವರ ನಾಟಕದ ಹುಚ್ಚು ಇಳಿದಿಲ್ಲ. ಬೇಸಗೆಯಲ್ಲಿ ಎಲ್ಲಾದರೂ ಒಂದು ಕಡೆ ‘ಕುರುಕ್ಷೇತ್ರ’ ಬೆಳಗಿನವರೆಗೆ ನಡೆದೇ ನಡೆಯುತ್ತದೆ. ಪಾರ್ಟು ಮಾಡುವವರು ದುಡ್ಡು ಕೊಟ್ಟು ಪಾರ್ಟು ಹಿಡಿಯುತ್ತಾರೆ, ದುರ್ಯೋಧನನಿಗೆ ದರ ಜಾಸ್ತಿ. ಅಷ್ಟು ಕೊಟ್ಟವನಿಗೆ ಸೀನರಿಯವರು ಬಾಡಿಗೆಗೆ ತರುವ ಟೋಪನ್ನಿನ ಗುಂಗುರೆಲ್ಲ ಬಿಚ್ಚಿಹೋಗಿ ಪೊರಕೆಯಾಗಿದ್ದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಪ್ಲಾಸ್ಟಿಕ್ ಚೀಲದಿಂದ ಟೋಪನ್ನು ತೆಗೆದು ಜಗಲಿಯ ಮೇಲೆ ಇಟ್ಟ.

“ಟೀಚರಮ್ಮ, ಹೆಗಲಿಗೆ ಇಳಿಯೋ ಹಂಗೆ ಸುರುಳಿ ಹಾಕ್ಕೊಡಿ. ಶುಕ್ರವಾರ ನಾಟಕ.”

“ಇದು ನಿಜವಾದ ಕೂದಲಾದ್ರೆ ನಿಲ್ಲುತ್ತಪ್ಪ, ನೈಲಾನ್ ಆದ್ರೆ ನನ್ನ ಕೈಲಾಗಲ್ಲ.”

ಒಂದು ಎಳೆ ಕಿತ್ತು ಬೆಂಕಿಕಡ್ಡಿಗೆ ಹಿಡಿದ. ಸುಟ್ಟ ಕೂದಲ ವಾಸನೆ ಬಂತು, ನೈಲಾನಲ್ಲ. ಡ್ರಿಪ್ ಪೈಪಿನ ಡಬ್ಬಿ ಹೊರಗೆ ತಂದೆ. 16ರ ತುಂಡನ್ನು ಬೆರಳಲ್ಲಿ ತಿರುಗಿಸಿ ನೋಡಿ ಅವನು ಮುಖ ಸಿಂಡರಿಸಿದ.

“ಇದು ಕೃಷ್ಣನ ಪಾರ್ಟಿಗೆ ಸರಿಯಾಯ್ತದೆ. ನಂಗೆ 20ರದ್ದು ಹಾಕಿ. ನಾಳೆ ನಮ್ಮ ಅಡಿಕೆ ತೋಟದಿಂದ ಒಂದು ಮಾರು ಕೊಯ್ಕೊಂಡು ಬತ್ತೀನಿ.”