ಇಪ್ಪತ್ತಕ್ಕೆ ಮೂರು ಸೀಬೆ, ಎರಡು ಕ್ರೆಡಿಟ್

ಬೆಂಗಳೂರಿನಲ್ಲಿ ಸಮಾಜ ವಿಜ್ಞಾನಕ್ಕೆ ಹೇಳಿ ಮಾಡಿಸಿದ ಜಾಗ ಯಾವುದೆಂದರೆ ನನ್ನ ವೋಟು ಟಿನ್ ಫ್ಯಾಕ್ಟರಿಗೆ. ಹಳೇ ಮದ್ರಾಸ್ ರಸ್ತೆ, ಹೊರವರ್ತುಲ ರಸ್ತೆ ಎರಡೂ ಇಲ್ಲಿ ಒಂದರ ಮೈಮೇಲೊಂದು ಬೀಳುತ್ತವೆ. ತಲೆ ಮೇಲೆ ಮೆಟ್ರೊ, ಪಕ್ಕದಲ್ಲಿ ರೈಲು, ಆಚೆಗೆ ತೂಗುಸೇತುವೆ, ಇವೆಲ್ಲದರ ಕೆಳಗೆ ಜನ. ವಲಸೆ, ಅಸಂಘಟಿತ ದುಡಿಮೆ, ಮಾಲಿನ್ಯ, ಲಿಂಗ, ಜಾತಿ, ಸಂಚಾರ: ಪಠ್ಯಕ್ರಮದ ಅಷ್ಟೂ ಘಟಕಗಳು ಒಂದೇ ಸಿಗ್ನಲ್ಲಿನಲ್ಲಿ ಕೆಂಪು ದೀಪ ನೋಡುತ್ತ ನಿಂತಿರುತ್ತವೆ. ಎಲ್ಲಕ್ಕಿಂತ ದೊಡ್ಡ ಅನುಕೂಲವೆಂದರೆ ಎಸಿ ಮೆಟ್ರೊದಲ್ಲಿ ಬಂದು, ಬಡತನ ನೋಡಿ, ಎಸಿ ಮೆಟ್ರೊದಲ್ಲೇ ಹಿಂತಿರುಗಬಹುದು.

ಕಾಲೇಜು ಹುಡುಗರು ಸಮಾಜಕ್ಕೆ ಇಳಿಯುವುದೆಂದರೆ ಹಿಂದೆ ಎನ್ನೆಸ್ಸೆಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆ. 1969ರಲ್ಲಿ, ಗಾಂಧಿ ಶತಮಾನೋತ್ಸವದ ವರ್ಷ, ಶುರುವಾದದ್ದು. ಹುಡುಗರು ಹಳ್ಳಿಗೆ ಹೋಗಿ ಚರಂಡಿ ತೋಡುತ್ತಿದ್ದರು, ಉಪ್ಪಿಟ್ಟು ತಿನ್ನುತ್ತಿದ್ದರು, ಕ್ಯಾಂಪ್‌ಫೈರಿನಲ್ಲಿ ಹಾಡಿ ವಾಪಸ್ಸಾಗುತ್ತಿದ್ದರು. ಚರಂಡಿ ಸೊಟ್ಟಗಿರುತ್ತಿತ್ತು, ಆದರೂ ಇರುತ್ತಿತ್ತು. ಈಗ ಕಾಲ ಮುಂದುವರಿದಿದೆ. ಚರಂಡಿ ತೋಡುವ ಹಾಗಿಲ್ಲ, ಚರಂಡಿಯ ಬಗ್ಗೆ ಸಮುದಾಯದ ಗ್ರಹಿಕೆಗಳನ್ನು ಅಧ್ಯಯನ ಮಾಡಬೇಕು, ಅದೂ ಸಮುದಾಯದ ಸಹಭಾಗಿತ್ವದಲ್ಲಿ. ಯುಜಿಸಿ 2020ರಲ್ಲಿ ಇದಕ್ಕೊಂದು ಚೌಕಟ್ಟು ಹಾಕಿಕೊಟ್ಟಿತು: ಎರಡು ಕ್ರೆಡಿಟ್, 30 ಗಂಟೆ, ಅದರಲ್ಲಿ ಅರ್ಧವಾದರೂ ಜನರ ನಡುವೆ. ಅಂದರೆ ಸಮಾಜಕ್ಕೆ ಸಿಕ್ಕಿದ್ದು 15 ಗಂಟೆ. ಸಿಲ್ಕ್ ಬೋರ್ಡಿನಿಂದ ಬಸ್ಸಿನಲ್ಲಿ ಬರುವ ತಂಡ ಇದರಲ್ಲಿ ಎಷ್ಟು ಗಂಟೆಯನ್ನು ಮಾರತಹಳ್ಳಿಯಲ್ಲೇ ಕಳೆಯುತ್ತದೆ ಎಂಬುದನ್ನು ಓದುಗರ ಊಹೆಗೆ ಬಿಡುತ್ತೇನೆ.

ಹೀಗೆ ಬಂದ ತಂಡವೊಂದು ಸೀಬೆಕಾಯಿ ಬುಟ್ಟಿಯ ಮುಂದೆ ನಿಲ್ಲುತ್ತದೆ. ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಫೋನು, ಫೋನಿನಲ್ಲಿ ಇಂಗ್ಲಿಷಿನ ಗೂಗಲ್ ಫಾರ್ಮು. ಎದುರಿಗಿರುವ ಹೆಂಗಸು ತೆಲುಗಿನಲ್ಲಿ ಚೌಕಾಸಿ ಮಾಡಿ, ಕನ್ನಡದಲ್ಲಿ ಲೆಕ್ಕ ಹೇಳಿ, ತಮಿಳಿನಲ್ಲಿ ಆಟೊದವನನ್ನು ಬೈಯಬಲ್ಲವಳು. ಫಾರ್ಮು ಒಂದೇ ಭಾಷೆಯದು.

"ಆಂಟಿ, ನಿಮ್ಮ ಬದುಕಿನ ಮೇಲೆ ನಿಮಗೆ ಎಷ್ಟು ಹಿಡಿತ ಇದೆ ಅಂತ ಅನ್ಸತ್ತೆ? ಒಂದರಿಂದ ಐದರೊಳಗೆ ಹೇಳಿ."

"ಐದಕ್ಕೆಲ್ಲ ಬರಲ್ಲ ಕಣಪ್ಪ. ಇಪ್ಪತ್ತಕ್ಕೆ ಮೂರು."

ಹುಡುಗ 'ಮೂರು' ಒತ್ತುತ್ತಾನೆ. ಮುಂದೆ ಇದೇ ಮೂರು ಸೀಬೆಕಾಯಿ ಬಣ್ಣದ ಕಂಬಚಿತ್ರವಾಗಿ ಬೆಳೆದು, 'ಬೀದಿ ವ್ಯಾಪಾರಿ ಮಹಿಳೆಯರಲ್ಲಿ ಮಧ್ಯಮ ಮಟ್ಟದ ಸಬಲೀಕರಣ ಕಂಡುಬಂದಿದೆ' ಎಂದು ಸೆಮಿನಾರಿನಲ್ಲಿ ಚಪ್ಪಾಳೆ ಗಿಟ್ಟಿಸುತ್ತದೆ.

ಅದಕ್ಕೂ ಮೊದಲು ಒಪ್ಪಿಗೆ ಪತ್ರವಿದೆ, ಅದರ ಪ್ರಸಂಗವೇ ಬೇರೆ. ಸಹಿ ಅಂದಕೂಡಲೇ ಫುಟ್‌ಪಾತಿನಲ್ಲಿ ಎರಡು ಪ್ರಶ್ನೆ ಏಳುತ್ತವೆ: ಸೈಟು ಕೊಡ್ತಾರಾ, ಇಲ್ಲ ಎತ್ತಂಗಡಿ ಮಾಡ್ತಾರಾ? ಬೆಂಗಳೂರಿನಲ್ಲಿ ಪಟ್ಟಿ ಹಿಡಿದು ಬಂದವರು ಇವೆರಡರಲ್ಲಿ ಒಂದಕ್ಕೇ ಬಂದಿರುತ್ತಾರೆ ಎಂಬುದು ಅನುಭವದ ಮಾತು. ಹುಡುಗಿ ಸಮಾಧಾನ ಹೇಳುತ್ತಾಳೆ: ಎರಡೂ ಇಲ್ಲ ಆಂಟಿ. ಪತ್ರದಲ್ಲೇ ಅಚ್ಚಾಗಿದೆಯಲ್ಲ, 'ಈ ಅಧ್ಯಯನದಿಂದ ತಮಗೆ ನೇರ ಲಾಭವಿರುವುದಿಲ್ಲ.' ಇಡೀ ಯೋಜನೆಯಲ್ಲಿ ಪುರಾವೆ ಸಮೇತ ಸಾಬೀತಾಗುವ ವಾಕ್ಯ ಇದೊಂದೇ.

ಕೇಳದ ಪ್ರಶ್ನೆಗಳಿಗೂ ಜನ ಉತ್ತರ ಹೇಳುತ್ತಾರೆ, ಅದೇ ತೊಂದರೆ. ಬೆಳಗ್ಗೆ ಬಂದು ರಾತ್ರಿ ಹೋಗುವವರೆಗೆ ಹೆಂಗಸರಿಗೆ ಹೋಗಲು ಒಂದು ಶೌಚಾಲಯ ಬೇಕು ಅನ್ನುತ್ತಾಳೆ ಸೀಬೆಯವಳು. ಹೂವಿನವಳೂ ಅದನ್ನೇ ಅನ್ನುತ್ತಾಳೆ, ಕಡಲೆಕಾಯಿಯವಳೂ ಅದನ್ನೇ. ಎಲ್ಲರೂ ಒಂದೇ ಮಾತು ಹೇಳಿದಾಗ ಸಂಶೋಧಕರು ಅದಕ್ಕೆ 'ಸ್ಯಾಚುರೇಶನ್' ಅಂದು ಪುಸ್ತಕ ಮುಚ್ಚುತ್ತಾರೆ. ಪಾಲಿಕೆಯವರು 'ಇನ್ನೂ ದೂರು ಬಂದಿಲ್ಲ' ಅಂದು ಪುಸ್ತಕ ತೆರೆಯುವುದೇ ಇಲ್ಲ. ಗೈಡ್ ಮೇಷ್ಟ್ರಿಗೂ ಮುಖ ಬಾಡುತ್ತದೆ. ಶೌಚಾಲಯ ಸರಳ ವಿಷಯವಾಯಿತು, ನಮ್ಮ ಪ್ರಸ್ತಾವನೆಯಲ್ಲಿರುವುದು ಸಂಕೀರ್ಣ ಸಾಮಾಜಿಕ ಸಮಸ್ಯೆ. ಒಂದು ನಲ್ಲಿ, ಬಾಗಿಲಿಗೊಂದು ಚಿಲಕ, ಇಷ್ಟಕ್ಕೆ ಸಿದ್ಧಾಂತ ಎಲ್ಲಿಂದ ತರುವುದು?

ತಂಡದಲ್ಲಿ ಮಾಲೂರಿನ ಹುಡುಗಿಯೊಬ್ಬಳಿದ್ದಾಳೆ ಅನ್ನಿ. ಮಾರಿಕುಪ್ಪಂ ಕಡೆಯ ಬೆಳಗಿನ ರೈಲಿನಲ್ಲಿ, ಸೊಪ್ಪಿನ ಮೂಟೆ ಮತ್ತು ಟಿಫನ್ ಡಬ್ಬಿಗಳ ನಡುವೆ ನಿಂತುಕೊಂಡೇ ಬಂದು ಕೃಷ್ಣರಾಜಪುರದಲ್ಲಿ ಇಳಿಯುವವಳು. ಅವಳ ಅಮ್ಮನೂ ಬುಟ್ಟಿ ಹೊತ್ತವಳೇ. ಯಾವ ಹೊತ್ತಿಗೆ ಯಾರು ಬಂದು ಎಷ್ಟು ವಸೂಲಿ ಮಾಡುತ್ತಾರೆ, ಕೊಡದಿದ್ದರೆ ತಕ್ಕಡಿ ಎಲ್ಲಿಗೆ ಹೋಗುತ್ತದೆ, ಬಿಡಿಸಿಕೊಳ್ಳಲು ಯಾರ ಕಾಲು ಹಿಡಿಯಬೇಕು, ಎಲ್ಲ ಬಾಯಿಪಾಠ. ಅವಳನ್ನು ಮಾತ್ರ ದತ್ತಾಂಶ ಸಂಗ್ರಹಕ್ಕೆ ಹಾಕುವುದಿಲ್ಲ. "ನೀನು ಒಳಗಿನವಳಮ್ಮ, ಪೂರ್ವಗ್ರಹ ಬರುತ್ತೆ." ಅವಳಿಗೆ ಫೋಟೊ ತೆಗೆಯುವ ಕೆಲಸ. ವಿಷಯ ಏನೂ ಗೊತ್ತಿಲ್ಲದಿರುವುದೇ ಇಲ್ಲಿ ವಸ್ತುನಿಷ್ಠತೆ. ಆ ಅರ್ಹತೆ ಮಿಕ್ಕವರಿಗೆಲ್ಲ ಧಾರಾಳವಾಗಿದೆ.

ನಮ್ಮ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರೂ ಕ್ಷೇತ್ರಕಾರ್ಯ ಮಾಡಿದವರೇ. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದಕ್ಕೆ ಹೋಗಿ ತಿಂಗಳುಗಟ್ಟಲೆ ಅಲ್ಲೇ ಉಳಿದರು, ಪುಸ್ತಕದಲ್ಲಿ ಅದಕ್ಕೆ ರಾಂಪುರ ಎಂದು ಹೆಸರಿಟ್ಟರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿ ಬಿದ್ದು ಅವರ ಟಿಪ್ಪಣಿಗಳು ಸುಟ್ಟುಹೋದವು. ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು. ಇವತ್ತಿನ ಟಿಪ್ಪಣಿಗಳು ಸುಡುವ ಮಾತೇ ಇಲ್ಲ, ಎಲ್ಲವೂ ಕ್ಲೌಡಿನಲ್ಲಿ ಭದ್ರ. ಕ್ಲೌಡೇ ಕೈಕೊಟ್ಟರೆ ನೆನಪಿನಿಂದ ಅರ್ಧ ಪುಟ ಹುಟ್ಟೀತೇ ಎಂದು ಕೇಳಬೇಡಿ. ಬುಟ್ಟಿಯವಳ ಊರು ಯಾವುದು ಎಂಬುದೇ ಕಾಲಂ 4ರಲ್ಲಿ 'ಇತರೆ' ಆಗಿಹೋಗಿದೆ.

ಸಹಭಾಗಿತ್ವಕ್ಕೂ ಕರ್ನಾಟಕದಲ್ಲಿ ದೊಡ್ಡ ಪರಂಪರೆಯಿದೆ. 1980ರ ದಶಕದ ಕೊನೆಯಲ್ಲಿ ಮೈರಾಡದಂಥ ಸ್ವಯಂಸೇವಾ ಸಂಸ್ಥೆಯವರು ಹಳ್ಳಿ ಜನರ ಕೈಯಿಂದಲೇ ನೆಲದ ಮೇಲೆ ರಂಗೋಲಿ ಪುಡಿ, ಬೀಜ, ಕಲ್ಲುಗಳಲ್ಲಿ ಊರಿನ ನಕ್ಷೆ ಬಿಡಿಸುತ್ತಿದ್ದರು. ಕೋಲು ಜನರ ಕೈಗೆ ಕೊಡಿ ಎನ್ನುವುದು ಆ ಪದ್ಧತಿಯ ಮಂತ್ರ. ಟಿನ್ ಫ್ಯಾಕ್ಟರಿಯಲ್ಲಿ ನೆಲವೇ ಸಿಗುವುದಿಲ್ಲವಾದ್ದರಿಂದ ಚಾರ್ಟ್ ಪೇಪರ್ ಬರುತ್ತದೆ. ಸ್ಕೆಚ್ ಪೆನ್ನು ಫೋಟೊ ಮುಗಿಯುವವರೆಗೆ ಆಂಟಿಯ ಕೈಯಲ್ಲಿರುತ್ತದೆ. ಆ ಫೋಟೊ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದ ದಿನ ದಪ್ಪ ಕಡತದಿಂದ ಎದ್ದು ಬಂದು ಕಾಲೇಜಿಗೆ ಅಂಕ ತಂದುಕೊಡುತ್ತದೆ.

ಕೊನೆಗೆ ಶಿಫಾರಸುಗಳು. ಹಳೇ ವರದಿಯ ಪುಟವನ್ನೇ ಎತ್ತಿ ಅಂಟಿಸಿದ್ದರಿಂದ ಎಲ್ಲವೂ 'ಬಿಬಿಎಂಪಿ ಈ ಕೂಡಲೇ' ಎಂದು ಶುರುವಾಗುತ್ತವೆ. ಬಿಬಿಎಂಪಿ ಎಲ್ಲಿದೆ? 2025ರ ಸೆಪ್ಟೆಂಬರಿನಲ್ಲಿ ಅದು ಐದು ಪಾಲಿಕೆಯಾಗಿ ಒಡೆಯಿತು, ಈ ಭಾಗಕ್ಕೆ ಬಂದದ್ದು ಬೆಂಗಳೂರು ಪೂರ್ವ ನಗರ ಪಾಲಿಕೆ. ಇಲ್ಲದ ಕಚೇರಿಗೆ ಬರೆದ ಶಿಫಾರಸನ್ನು ತಿರಸ್ಕರಿಸಲೂ ಯಾರಿಗೂ ಸಾಧ್ಯವಿಲ್ಲ. ಆ ಮಟ್ಟಿಗೆ ವರದಿ ಅಜೇಯ.

ಇಷ್ಟಕ್ಕೂ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಏನು ಹೇಳುತ್ತದೆ? ಐದು ವರ್ಷಕ್ಕೊಮ್ಮೆಯಾದರೂ ಎಲ್ಲ ವ್ಯಾಪಾರಿಗಳ ಸಮೀಕ್ಷೆ ಆಗಲೇಬೇಕು. ಅದು ಮುಗಿದು ಪ್ರಮಾಣಪತ್ರ ಕೈಸೇರುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳೇ ಕನಿಷ್ಠ ಶೇ 40 ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಸಹಭಾಗಿತ್ವವೆಂದರೆ ಇದಲ್ಲವೇ, ಅದೂ ಸಂಸತ್ತಿನ ಮುದ್ರೆ ಬಿದ್ದದ್ದು? ಹುಡುಗರು ಈ ಕಾಯ್ದೆಯ ಎರಡು ಪುಟವನ್ನು ಬುಟ್ಟಿಯ ಮುಂದೆ ಕೂತು ಓದಿ ಹೇಳಿ, ಅರ್ಜಿ ತುಂಬಿಕೊಟ್ಟು, ಕೌಂಟರಿನವರೆಗೆ ಜೊತೆಗೆ ಹೋಗಿ ಬರಬಹುದಿತ್ತು. ಮೇಷ್ಟ್ರು ಒಪ್ಪುವುದಿಲ್ಲ. ಅದು ಸಮಾಜಸೇವೆಯಾಗುತ್ತದೆ, ಸಂಶೋಧನೆಯಲ್ಲ; ಅಂತರ ಕಾಯ್ದುಕೊಳ್ಳಬೇಕು.

ಅಂಕ ಕೊಡುವ ಕೈ ಬದಲಿಸುವ ಪ್ರಯೋಗ ಈ ಊರಿಗೆ ಹೊಸದಲ್ಲ. 1994ರಲ್ಲಿ ಸ್ಯಾಮ್ಯುಯೆಲ್ ಪಾಲ್ ಮತ್ತು ಅವರ ತಂಡ, ನಗರದ ಇಲಾಖೆಗಳಿಗೆ ಜನರಿಂದಲೇ ಅಂಕ ಕೊಡಿಸಿ ರಿಪೋರ್ಟ್ ಕಾರ್ಡ್ ಹೊರಡಿಸಿದ್ದರು. ಕೊಳೆಗೇರಿಯವರನ್ನೂ ಕೇಳಿದ್ದರು. ಅದೇ ದಾರಿಯಲ್ಲಿ ನನ್ನದೊಂದು ಸಣ್ಣ ಪ್ರಸ್ತಾವ: ಈ ಅಧ್ಯಯನಗಳ ವೈವಾ ಟಿನ್ ಫ್ಯಾಕ್ಟರಿಯಲ್ಲೇ ನಡೆಯಲಿ, ಸಂಜೆ ಏಳಕ್ಕೆ, ಬುಟ್ಟಿಯ ಮುಂದೆ. ಸೀಬೆಯವಳೇ ಹೊರ ಪರೀಕ್ಷಕಿ. ಒಂದರಿಂದ ಐದರೊಳಗೆ ಅಂಕ ಕೊಡಲಿ.

ವಿಶ್ವವಿದ್ಯಾಲಯ ತಾತ್ವಿಕವಾಗಿ ಒಪ್ಪಬಹುದು. ಪರೀಕ್ಷಕರೆಂದ ಮೇಲೆ ಟಿಎ, ಡಿಎ ಕೊಡಬೇಕು, ಬಿಲ್ಲಿಗೆ ಕಾಯಂ ವಿಳಾಸ ಬೇಕು. 'ಟಿನ್ ಫ್ಯಾಕ್ಟರಿ, ಕೋಲಾರದ ಬಸ್ಸು ನಿಲ್ಲುವ ಜಾಗ' ಎಂದು ಅವಳು ಬರೆಸುತ್ತಾಳೆ. ಆಡಿಟ್‌ನವರು ಸ್ಥಳ ಪರಿಶೀಲನೆಗೆ ಬರುತ್ತಾರೆ. ಅಷ್ಟರಲ್ಲಿ ಟ್ರಾಫಿಕ್ ಪೊಲೀಸರು ಬಸ್ಸನ್ನು ಇನ್ನಷ್ಟು ಮುಂದೆ ನಿಲ್ಲಿಸಲು ಶುರುಮಾಡಿರುತ್ತಾರೆ, ಪರೀಕ್ಷಕಿ ಬುಟ್ಟಿ ಎತ್ತಿಕೊಂಡು ಅದರ ಹಿಂದೆ ಓಡುತ್ತಿರುತ್ತಾಳೆ, ಬಿಲ್ಲು ಆಕ್ಷೇಪಣೆಯೊಂದಿಗೆ ವಾಪಸ್ಸು.